ಬರೆದದ್ದೂ ಮೀನಾ, ಓದಿದ್ದೂ ಮೀನಾ!

ಹಾಡು ಯಾರದೋ, ಕಂಠ ಇನ್ಯಾರದೋ, ಕಣ್ಣೀರು ಮಾತ್ರ ತಾರೆಯದು. ನಮ್ಮ ಸಿನಿಮಾ ನಡೆದು ಬಂದದ್ದೇ ಹಾಗೆ. 'ಸಾಹಿಬ್ ಬೀಬಿ ಔರ್ ಗುಲಾಂ' (1962) ಚಿತ್ರದ ಛೋಟಿ ಬಹೂ ಹೊರಟು ನಿಂತ ಗಂಡನನ್ನು ತಡೆದು ಹಾಡಿದಾಗ ಕೇಳಿಸಿದ್ದು ಗೀತಾ ದತ್ ದನಿ. 'ಪಾಕೀಜಾ'ದ (1972) ಸಾಹಿಬ್‌ಜಾನ್ ಗೆಜ್ಜೆ ಕಟ್ಟಿದಾಗ ಲತಾ ಮಂಗೇಶ್ಕರ್. ಹಾಗಾದ್ರೆ ಮೀನಾ ಕುಮಾರಿಯ ಸ್ವಂತ ಮಾತು ಎಲ್ಲಿದೆ ಅಂತೀರಾ?

1971ರಲ್ಲಿ ಬಂದ ಒಂದು ಗ್ರಾಮಫೋನ್ ತಟ್ಟೆಯಲ್ಲಿದೆ! ಹೆಸರು 'ಐ ರೈಟ್, ಐ ರಿಸೈಟ್'. ಕವಿತೆ ಮೀನಾರದು, ಕಂಠವೂ ಮೀನಾರದೇ. ಸಂಗೀತ ಖಯ್ಯಾಂ.

ಹುಡುಗಿಯ ನಿಜವಾದ ಹೆಸರು ಮಹಜಬೀನ್. 1939ರಲ್ಲಿ, ಇನ್ನೂ ಆಟವಾಡುವ ವಯಸ್ಸಿನಲ್ಲೇ, ವಿಜಯ್ ಭಟ್ಟರ 'ಲೆದರ್‌ಫೇಸ್' ಚಿತ್ರಕ್ಕೆ ಬಣ್ಣ ಹಚ್ಚಿದಳು. ಮನೆ ನಡೆಯಬೇಕಿತ್ತು; ಶಾಲೆಗಿಂತ ಸ್ಟುಡಿಯೋನೇ ಹೆಚ್ಚಾಯಿತು. ಆ ಹುಡುಗಿಯೇ ಮುಂದೆ 'ನಾಜ್' ಎಂಬ ಕಾವ್ಯನಾಮದಲ್ಲಿ ಉರ್ದು ಕವಿತೆ ಬರೆದದ್ದು. ಯಾರು ಊಹಿಸಿದ್ದರು, ಹೇಳಿ?

ನಟಿ ಕವಿತೆ ಓದಿದರೆ ನಾಟಕವಾದೀತು ಅನ್ನೋ ಭಯ ಸಹಜ. ಥಿಯೇಟರಿಗೆ ಥಿಯೇಟರೇ ಬಿಕ್ಕುವಂತೆ ಮಾಡಿದ ಕಲಾವಿದೆ ಬೇರೆ! ಆದರೆ ಇಲ್ಲಿ ನಟನೆಯೇ ಇಲ್ಲ. ತಗ್ಗಿದ ದನಿ, ಅವಸರವಿಲ್ಲದ ಉಚ್ಚಾರ, ಆಗಾಗ ತನ್ನಷ್ಟಕ್ಕೆ ಗುನುಗಿಕೊಂಡಂಥ ರಾಗ. ಖಯ್ಯಾಂ ವಾದ್ಯಗಳನ್ನು ಹಿಂದೆ ಸರಿಸಿ ಕೂರಿಸಿದ್ದಾರೆ, ದನಿಗೆ ಅಡ್ಡ ಬರೋದಿಲ್ಲ. ನಮ್ಮಲ್ಲಿ ಅನೇಕರಿಗೆ ಉರ್ದು ಅರ್ಧಂಬರ್ಧ. ಆದರೂ ಸಾಲು ಮುಗಿದ ಮೇಲಿನ ಆ ಮೌನಕ್ಕೆ ಅನುವಾದ ಬೇಕೇನ್ರೀ?

ಮೀರ್, ಗಾಲಿಬರ ಸಾಲಿನಲ್ಲಿ ಈಕೆಯನ್ನು ಕೂರಿಸೋದು ಬೇಡ, ಅದು ಅತಿಯಾದೀತು. ಅಚ್ಚಿನಲ್ಲಿ ಸಾಧಾರಣ ಅನಿಸುವ ಸಾಲೂ ಆ ಬಾಯಲ್ಲಿ ಬಂದಾಗ ಎದೆಗೆ ತಾಗುತ್ತದೆ, ಅಷ್ಟೇ. ಮುಷಾಯಿರಾದಲ್ಲಿ ಕವಿ ತಾನೇ ಎದ್ದು ನಿಂತು ಓದುವುದು ಇದಕ್ಕೇ ತಾನೆ?

ಆ ದಿನಗಳ ಸಿನಿಮಾ ಪತ್ರಿಕೆಗಳಿಗೆ ಮೀನಾ ಅಂದರೆ ಎರಡೇ ಸುದ್ದಿ: ಕಮಾಲ್ ಅಮ್ರೋಹಿ ಜೊತೆಗಿನ ಮುರಿದ ದಾಂಪತ್ಯ ಮತ್ತು ಕುಡಿತ. 'ದುರಂತ ನಾಯಕಿ' ಅನ್ನೋ ಬಿರುದು ಬೇರೆ. ಆ ಬಿರುದು ತೆರೆಯ ಮೇಲಿನ ಅಳುವಿಗೂ ಸಂದಿತು, ಮನೆಯೊಳಗಿನ ಅಳುವಿಗೂ ಸಂದಿತು. ಎರಡರ ನಡುವೆ ಕೂತು ಬರೆಯುತ್ತಿದ್ದ ಹೆಂಗಸು ಮಾತ್ರ ಯಾರ ಕಣ್ಣಿಗೂ ಬೀಳಲಿಲ್ಲ. ತಟ್ಟೆಯಲ್ಲಿ ಮಾತಾಡುವವಳು ಅವಳೇ. ಸಂಭಾಷಣೆಕಾರನಿಲ್ಲ, 'ಕಟ್' ಅನ್ನೋ ನಿರ್ದೇಶಕನೂ ಇಲ್ಲ.

'ಪಾಕೀಜಾ' ತೆರೆ ಕಂಡದ್ದು 1972ರ ಫೆಬ್ರವರಿ 4ರಂದು. ಮಾರ್ಚ್ 31ಕ್ಕೆ ಮೀನಾ ಇಲ್ಲ! ಯಕೃತ್ತಿನ ಕಾಯಿಲೆ, ನಲವತ್ತೂ ತುಂಬಿರಲಿಲ್ಲ. ಜನ ಚಿತ್ರಮಂದಿರಕ್ಕೆ ನುಗ್ಗಿದರು. ಬರೆದಿಟ್ಟ ಕವಿತೆಗಳನ್ನು ಆಕೆ ಒಪ್ಪಿಸಿ ಹೋದದ್ದು ಗುಲ್ಜಾರ್‌ಗೆ. 'ಮೇರೆ ಅಪ್ನೆ' (1971) ಚಿತ್ರದಲ್ಲಿ ಆಕೆಗೆ ಮುದುಕಿಯ ಪಾತ್ರ ಕೊಟ್ಟ ಅದೇ ಗುಲ್ಜಾರ್ ಅವನ್ನು 'ತನ್ಹಾ ಚಾಂದ್' ಎಂಬ ಹೆಸರಿನಲ್ಲಿ ಪುಸ್ತಕ ಮಾಡಿದರು. ತನ್ಹಾ ಚಾಂದ್ ಅಂದರೆ ಒಂಟಿ ಚಂದ್ರ.