ಮರಿಯ ಬಾಯಿಗೆ ತುತ್ತು, ಮುಂಜಾವಿನ ಬೆಳಕು

ಗುಬ್ಬಿ ಕಾಳು ತಿನ್ನುವ ಹಕ್ಕಿ. ಅದರ ಮರಿಗೆ ಮಾತ್ರ ಮೊದಲ ದಿನಗಳಲ್ಲಿ ಕಾಳು ಆಗಿಬರುವುದಿಲ್ಲ. ಹುಳ, ಮಿಡತೆಗಳೇ ಬೇಕು. ತೊಗರಿಯ ಕಣಜ ಎಂದು ಹೆಸರಾದ ಕಲಬುರಗಿಯಲ್ಲಿ, ನೆಹರು ಗಂಜಿನಂಥ ಕಾಳಿನ ಪೇಟೆ ಇರುವ ಊರಲ್ಲಿ, ತಾಯಿಗುಬ್ಬಿ ನೆಲದ ಕಾಳನ್ನು ಬಿಟ್ಟು ಬೇವಿನ ಗಿಡದ ಎಲೆ ಎಲೆ ತಡಕುವುದನ್ನು ಒಮ್ಮೆ ನೋಡಿದವರು ಮತ್ತೆ ಆ ಹಕ್ಕಿಯನ್ನು ಕಡೆಗಣಿಸಲಾರರು. ಹಕ್ಕಿ ಮರಿಗೆ ಉಣಿಸುವ ಗಳಿಗೆಯನ್ನು ಚಿತ್ರದಲ್ಲಿ ಹಿಡಿಯುವ ಹವ್ಯಾಸಕ್ಕೆ ಈ ಊರು ದೊಡ್ಡ ಪಾಠಶಾಲೆ.

ಅದಕ್ಕೆ ಕಾಡಿಗೇ ಹೋಗಬೇಕೆಂದಿಲ್ಲ. ಊರೊಳಗಿನ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಅಂಗಡಿಗಳ ಶಟರ್‌ಗಳು ಮೇಲೇಳುವ ಮೊದಲು, ತಳ್ಳುಗಾಡಿಗಳು ಬಂದು ನಿಲ್ಲುವ ಮೊದಲು ಸ್ವಲ್ಪ ಹೊತ್ತು ಬೀದಿ ಹಕ್ಕಿಗಳದ್ದೇ ಆಗಿರುತ್ತದೆ. ಗೂಡು ಬಿಟ್ಟ ಮರಿ ಕೇಬಲ್ ತಂತಿಯ ಮೇಲೆ ಕೂತು, ರೆಕ್ಕೆಗಳನ್ನು ಇಳಿಬಿಟ್ಟು ನಡುಗಿಸುತ್ತ, ಒಂದೇ ಸಮನೆ ಚೀರುತ್ತದೆ. ಬಾಯಿಯ ಅಂಚಿನ ಹಳದಿ ಇನ್ನೂ ಮಾಸಿರುವುದಿಲ್ಲ. ಪೂರ್ವದ ಬೆಳಕು ಹಿಂದಿನಿಂದ ಬಿದ್ದರೆ ತೆರೆದ ಬಾಯಿಯ ತೆಳು ಚರ್ಮ ಒಳಗಿನಿಂದಲೇ ಹೊಳೆದಂತೆ ಕಾಣುತ್ತದೆ. ತಂದೆಯೋ ತಾಯಿಯೋ ಬಂದು ಕೂರುತ್ತದೆ, ಕೊಕ್ಕಿನಲ್ಲಿ ಹಸಿರು ಹುಳ. ಬಗ್ಗಿ ಗಂಟಲಿಗೆ ಇಳಿಸಿ ಹಾರಿಹೋಗಲು ಒಂದು ಸೆಕೆಂಡ್ ಸಾಕು. ಆ ಒಂದು ಸೆಕೆಂಡಿಗಾಗಿಯೇ ಛಾಯಾಗ್ರಾಹಕರು ಶಟರ್ ವೇಗವನ್ನು 1/1000ಕ್ಕೂ ಮೇಲೆ ಇಟ್ಟುಕೊಂಡು ಕಾಯುತ್ತಾರೆ. ಜನರ ನಡುವೆಯೇ ಬಾಳುವ ಗುಬ್ಬಿ, ಗೊರವಂಕಗಳಿಗೆ ಮನುಷ್ಯ ಹೊಸಬನಲ್ಲ. ಕಲಿಯುವವರು ಇಲ್ಲಿಂದಲೇ ಶುರುಮಾಡಬೇಕು ಎಂಬುದು ನನ್ನ ಗಟ್ಟಿಯಾದ ನಂಬಿಕೆ.

ಮುಂಜಾವೇ ಯಾಕೆ? ರಾತ್ರಿಯಿಡೀ ಹಸಿದ ಮರಿಗಳಿಗೆ ಬೆಳಗಾದೊಡನೆ ತುತ್ತು ಬೇಕು. ಹೆತ್ತವರ ಓಡಾಟ ಜೋರಾಗಿರುವುದು ಆಗಲೇ. ತಂಪಿಗೆ ಹುಳಗಳೂ ಮಂದವಾಗಿರುತ್ತವೆ, ಬೇಗ ಸಿಗುತ್ತವೆ. ಓರೆಯಾಗಿ ಬರುವ ಬೆಳಕು ಗರಿಗಳ ಒಂದೊಂದು ಎಳೆಯನ್ನೂ ತೋರಿಸುತ್ತದೆ. ಮೇ ತಿಂಗಳಲ್ಲಿ ಇಲ್ಲಿ ಆರಕ್ಕೆ ಮೊದಲೇ ಸೂರ್ಯ ಮೂಡುತ್ತಾನೆ, ಎಂಟರ ಹೊತ್ತಿಗೆ ನೆರಳು ಕಡುಗಪ್ಪಾಗುತ್ತದೆ. ಆಮೇಲೆ ತೆಗೆದ ಚಿತ್ರದಲ್ಲಿ ಬಿಳಿ ಗರಿ ಸುಣ್ಣ ಬಳಿದಂತೆ ಕಾಣುತ್ತದೆ.

ಈ ಕಲೆಗೆ ಒಂದು ಶತಮಾನಕ್ಕೂ ಮೀರಿದ ಚರಿತ್ರೆಯಿದೆ. ಇಂಗ್ಲೆಂಡಿನ ರಿಚರ್ಡ್ ಮತ್ತು ಚೆರ್ರಿ ಕೀರ್ಟನ್ ಸೋದರರು 1892ರಲ್ಲೇ ಹಕ್ಕಿಗೂಡು, ಮೊಟ್ಟೆಗಳ ಚಿತ್ರ ತೆಗೆದಿದ್ದರು. ಹಕ್ಕಿಗೆ ಕಾಣದಂತೆ ಅಡಗಲು ಎತ್ತಿನ ಚರ್ಮದ ಟೊಳ್ಳು ಬೊಂಬೆಯನ್ನೇ ಮಾಡಿಸಿಕೊಂಡಿದ್ದರು. 1937ರಲ್ಲಿ ಗೂಡಿನ ಬಳಿ ಹೋದ ಎರಿಕ್ ಹೋಸ್ಕಿಂಗ್ ಗೂಬೆಯ ಉಗುರಿಗೆ ಒಂದು ಕಣ್ಣನ್ನೇ ಕಳೆದುಕೊಂಡರು, ಆಮೇಲೂ ಕ್ಯಾಮೆರಾ ಬಿಡಲಿಲ್ಲ. ನಮ್ಮಲ್ಲಿ ಒ.ಸಿ. ಎಡ್ವರ್ಡ್ಸ್ ಅವರ ಗರಡಿಯಲ್ಲಿ ಪಳಗಿದ ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ (1932–2017), ಇ. ಹನುಮಂತರಾವ್, ರಾಜ್ಯದ ಹಣಕಾಸು ಮಂತ್ರಿಯಾಗಿದ್ದ ಸಂಡೂರಿನ ಎಂ.ವೈ. ಘೋರ್ಪಡೆ ಈ ಕಲೆಯನ್ನು ಬೆಳೆಸಿದರು. ಮೂಡಿಗೆರೆಯಲ್ಲಿ ಹಕ್ಕಿಗಾಗಿ ಕ್ಯಾಮೆರಾ ಹಿಡಿದು ಕಾಯುತ್ತಿದ್ದ ಪೂರ್ಣಚಂದ್ರ ತೇಜಸ್ವಿಯವರು ಕನ್ನಡ ಓದುಗರಿಗೆ ಮನೆಯವರೇ.

ಆ ಕಾಲದಲ್ಲಿ ಗೂಡಿನ ಹತ್ತಿರ ಮರೆ ಕಟ್ಟಿ ಒಳಗೆ ಕೂರುವುದು ರೂಢಿಯಾಗಿತ್ತು. ಉದ್ದ ಲೆನ್ಸ್ ಇಲ್ಲದ ದಿನಗಳವು. ಮರೆಗೆ ಇಬ್ಬರು ಹೋಗಿ ಒಬ್ಬರು ವಾಪಸು ಬಂದರೆ, ಎಲ್ಲರೂ ಹೋದರೆಂದು ಹಕ್ಕಿ ಗೂಡಿಗೆ ಮರಳುತ್ತಿತ್ತು. ಇಂದು 400, 600 ಮಿ.ಮೀ. ಲೆನ್ಸ್‌ಗಳು ಕೈಗೆ ಬಂದಿವೆ. ಕ್ಯಾಮೆರಾ ಹಿಡಿದವರ ಸಂಖ್ಯೆಯೂ ಏರಿದೆ. ಒಂದೇ ಗೂಡಿನ ಮುಂದೆ ಹತ್ತು ಜನ ನಿಂತರೆ ಹಕ್ಕಿಯ ಗತಿ ಏನು? ಗೂಡಿನ ಚಿತ್ರಗಳನ್ನು ಅನೇಕ ಸ್ಪರ್ಧೆಗಳು, ಪತ್ರಿಕೆಗಳು ಈಗ ಸ್ವೀಕರಿಸುವುದಿಲ್ಲ. ಅದು ಸರಿಯಾದ ತೀರ್ಮಾನ.

ಗೂಡನ್ನು ಕೆಣಕಬಾರದೆಂದು ಕಾನೂನೂ ಹೇಳುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಬೇಟೆ ಎಂಬ ಪದದ ವಿವರಣೆಯಲ್ಲಿ ಕಾಡುಹಕ್ಕಿಗಳ ಮೊಟ್ಟೆಗೆ, ಗೂಡಿಗೆ ತೊಂದರೆ ಕೊಡುವುದೂ ಸೇರಿದೆ. ಕಲಬುರಗಿಯ ಮಟ್ಟಿಗೆ ಇನ್ನೂ ಒಂದು ಮಾತು ಹೇಳಲೇಬೇಕು. ಚಿತ್ರ ಸ್ವಚ್ಛವಾಗಿ ಬರಲೆಂದು ಗೂಡಿನ ಮುಂದಿನ ಒಂದೆರಡು ಕೊಂಬೆ ಕತ್ತರಿಸುವವರಿದ್ದಾರೆ. ಬಿಸಿಲು 40 ಡಿಗ್ರಿ ದಾಟುವ ಈ ನೆಲದಲ್ಲಿ ಆ ಎಲೆಗಳೇ ಮರಿಗಳ ಸೂರು. ಬೆಳಗ್ಗೆ ಕೊಂಬೆ ಸವರಿದರೆ ಇನ್ನೂ ಗರಿ ಮೂಡದ ಮರಿಗಳು ಮಧ್ಯಾಹ್ನ ಬೆಂದುಹೋಗುತ್ತವೆ. ಯಾವ ಚಿತ್ರವೂ ಅಷ್ಟು ಬೆಲೆ ಬಾಳುವುದಿಲ್ಲ.

ನಗರದಿಂದ ಹುಮನಾಬಾದ್ ದಾರಿ ಹಿಡಿದರೆ ಕಮಲಾಪುರ. ಭೌಗೋಳಿಕ ಗುರುತು ಪಡೆದ ಕೆಂಪು ಬಾಳೆಯ ಊರು. ಬಾಳೆಯ ಹೂವಿಗೆ ಸೂರಕ್ಕಿಗಳು ಬರುತ್ತವೆ. ಜೇಡರ ಬಲೆಯ ಎಳೆಗಳಿಂದ ಬಿಗಿದು ತೂಗುಬಿಟ್ಟ ಚೀಲದಂಥ ಗೂಡನ್ನು ಕಟ್ಟುವುದು ಹೆಣ್ಣು; ಮರಿಗೆ ಉಣಿಸಲು ಗಂಡೂ ಕೈಜೋಡಿಸುತ್ತದೆ. ಮಕರಂದ ಹೀರುವ ಈ ಹಕ್ಕಿಯೂ ಮರಿಗೆ ತರುವುದು ಜೇಡ, ಸಣ್ಣ ಹುಳಗಳನ್ನೇ. ಅಲ್ಲಿನ ತೋಟದ ಹಿರಿಯರೊಬ್ಬರು ಹೇಳಿದ್ದು ನನಗೆ ಎಲ್ಲ ನಿಯಮಾವಳಿಗಳಿಗಿಂತ ದೊಡ್ಡದೆನಿಸಿತು: “ಗೂಡಿನ ಮುಂದ ಭಾಳ ಹೊತ್ತು ನಿಂದ್ರಬ್ಯಾಡ್ರಿ. ನೀವು ಎಲ್ಲಿ ನೋಡ್ತೀರಿ ಅಂತ ಕಾಗಿ ನೋಡ್ತಿರ್ತದ.” ಅನುಭವಿ ಛಾಯಾಗ್ರಾಹಕರು ಹೇಳುವುದೂ ಇದನ್ನೇ, ಮನುಷ್ಯನ ಗಮನವೇ ಕಾಗೆ, ಬೆಕ್ಕುಗಳಿಗೆ ದಾರಿ ತೋರಿಸಿಬಿಡುತ್ತದೆ. ತುತ್ತು ಹಿಡಿದ ತಾಯಿ ಗೂಡಿಗೆ ಹೋಗದೆ ಕೊಂಬೆಯಿಂದ ಕೊಂಬೆಗೆ ಹಾರುತ್ತ ಕೂಗುತ್ತಿದ್ದರೆ ನೀವು ತೀರಾ ಹತ್ತಿರ ಇದ್ದೀರಿ ಎಂದರ್ಥ. ಕೂಡಲೇ ಹಿಂದೆ ಸರಿಯಬೇಕು.

ಹಾಗಾದರೆ ಚಿತ್ರ ತೆಗೆಯುವುದು ಹೇಗೆ? ಗೂಡು ಬಿಟ್ಟ ಮರಿಗಳನ್ನು ಹುಡುಕಿ. ಹಾರಲು ಕಲಿತ ಮೇಲೂ ಕಾಜಾಣ, ಪಿಕಳಾರ, ಗೊರವಂಕಗಳು ಮರಿಗಳಿಗೆ ಕೆಲವು ದಿನ ಉಣಿಸುತ್ತವೆ. ಹೊಲದ ಬದುವಿನ ತಂತಿಯ ಮೇಲೆ, ಬಯಲಲ್ಲಿ, ಒಳ್ಳೆಯ ಬೆಳಕಿನಲ್ಲಿ. ದೂರದಲ್ಲೇ ಕೂತು, ಮೊಬೈಲ್ ಸುಮ್ಮನಾಗಿಸಿ, ಫ್ಲಾಶ್ ಮುಟ್ಟದೆ ಕಾದರಾಯಿತು. ಗುಂಪುಗಳಲ್ಲಿ ಚಿತ್ರ ಹಂಚುವಾಗ ಜಾಗದ ಗುರುತು ಅಳಿಸಿಬಿಡಿ.

ಮಳೆ ಹಿಡಿದ ಮೇಲೆ ಗೀಜಗಗಳ ಸರದಿ. ಬಾವಿಯ ಮೇಲೆ ಬಾಗಿದ ಜಾಲಿ, ಈಚಲು ಗಿಡಗಳಲ್ಲಿ ಗಂಡು ಗೂಡು ನೇಯುತ್ತದೆ. ಮರಿಗಳಿಗೆ ಉಣಿಸುವ ಹೊರೆ ಹೆಚ್ಚಾಗಿ ಹೆಣ್ಣಿನದು. ಮರಿಗಳು ಒಳಗೆ ಕಾಣದಿದ್ದರೂ, ಮಿಡತೆ ಕಚ್ಚಿ ಗೂಡಿನ ಕೊಳವೆಯ ಬಾಯಿಗೆ ಬರುವ ತಾಯಿ ಬಾವಿಯ ಆಚೆ ದಂಡೆಯಿಂದಲೇ ಚೆನ್ನಾಗಿ ಸಿಗುತ್ತದೆ. ಪೂರ್ವಕ್ಕೆ ಬೆನ್ನು ಮಾಡಿ ನಿಲ್ಲಬಹುದಾದ ದಂಡೆ ಯಾವುದೆಂದು ಹಿಂದಿನ ಸಂಜೆಯೇ ನೋಡಿಟ್ಟುಕೊಳ್ಳಿ, ಹೊಲದವರನ್ನು ಕೇಳಿಯೇ ಒಳಗೆ ಕಾಲಿಡಿ. ಶ್ರಾವಣದಲ್ಲಿ ಮೋಡ ಸರಿದು ಬಿಸಿಲು ಬೀಳುವ ಮುಂಜಾನೆಗಳು ಕಡಿಮೆ.