ಹದಿಮೂರು ಪೌಂಡಿನ ಹೆಣ್ಣು ಮೀನು

ಡಲ್ಲಾಸ್ ಸುತ್ತಮುತ್ತ ನೆಲೆಸಿರುವ ಕನ್ನಡಿಗರು ಊರಿಂದ ಬಂದ ನೆಂಟರನ್ನು ಕೆನಡಿಗೆ ಗುಂಡು ಬಿದ್ದ ಜಾಗಕ್ಕೆ ಕರೆದೊಯ್ಯುತ್ತಾರೆ, ದೇವಸ್ಥಾನಕ್ಕೆ ಕರೆದೊಯ್ಯುತ್ತಾರೆ, ಮಾಲ್ ಅಂತೂ ತಪ್ಪಿದ್ದಲ್ಲ. ಅಥೆನ್ಸ್‌ಗೆ ಮಾತ್ರ ಯಾರೂ ಕರೆದೊಯ್ಯುವುದಿಲ್ಲ. ಗ್ರೀಸಿನದಲ್ಲ, ಟೆಕ್ಸಸ್‌ನ ಅಥೆನ್ಸ್. ಡಲ್ಲಾಸ್‌ನಿಂದ ಆಗ್ನೇಯಕ್ಕೆ ಕಾರಿನಲ್ಲಿ ಸುಮಾರು ಒಂದೂವರೆ ಗಂಟೆಯ ದಾರಿ. ಟೆಕ್ಸಸ್ ಸರ್ಕಾರದ ಸಿಹಿನೀರು ಮೀನುಗಾರಿಕಾ ಕೇಂದ್ರ ಇರುವುದು ಅಲ್ಲಿ. ನನ್ನ ತಂಗಿಯ ಮಗನಿಗೆ ಗಾಳದ ಹುಚ್ಚು. ಹಾಗಾಗಿ ನನಗೆ ಮಾಲ್ ತಪ್ಪಿ ಮೀನು ಸಿಕ್ಕಿತು.

ಕೇಂದ್ರದ ಒಳಗೆ 26,000 ಗ್ಯಾಲನ್ ಹಿಡಿಯುವ ಗಾಜಿನ ತೊಟ್ಟಿಯಿದೆ. ಡೈವರ್ ಒಬ್ಬ ನೀರಿಗಿಳಿದು ಮೀನುಗಳಿಗೆ ಕೈಯಾರೆ ತಿನ್ನಿಸುತ್ತಾನೆ. ಉಳಿದ ಮೀನುಗಳೆಲ್ಲ ಅವನ ಸುತ್ತ ಮುಗಿಬಿದ್ದರೆ, ಲಾರ್ಜ್‌ಮೌತ್ ಬಾಸ್ ಮಾತ್ರ ಒಂದು ಮರದ ಬೊಡ್ಡೆಯ ಪಕ್ಕ ಅಲ್ಲಾಡದೆ ನಿಂತಿತ್ತು. ಹಸಿರು ಬೆನ್ನು, ಪಕ್ಕೆಯುದ್ದಕ್ಕೂ ಹರಿದುಹೋದ ಕರಿ ಪಟ್ಟೆ, ಕಣ್ಣನ್ನೂ ದಾಟಿ ಹಿಂದಕ್ಕೆ ಹೋದ ಬಾಯಿ. ತುತ್ತು ಹತ್ತಿರ ಬಂದದ್ದಷ್ಟೇ ಗೊತ್ತು. ಬಾಯಿ ಬಕೆಟ್ಟಿನಂತೆ ಅಗಲವಾಗಿ ತೆರೆದು, ನೀರಿನ ಸಮೇತ ತುತ್ತನ್ನು ಒಳಗೆಳೆದುಕೊಂಡು, ಮತ್ತೆ ಮುಚ್ಚಿತ್ತು. ಮೀನು ಮುಂದೆ ಬರಲೇ ಇಲ್ಲ. ನಾನು ಗಾಜಿಗೆ ಬೆರಳಿಟ್ಟು ನೋಡುತ್ತಿದ್ದೆ. ‘ಮಾವ, ಬೆರಳು ತೆಗೀರಿ, ಎರೆ ಅಂದ್ಕೊಂಡುಬಿಟ್ಟೀತು’ ಎಂದ ಹುಡುಗ.

ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರು ಮಿನೆಸೋಟದವರು. ಚಳಿ ತಪ್ಪಿಸಿಕೊಳ್ಳಲು ದಕ್ಷಿಣಕ್ಕೆ ಬಂದವರಂತೆ. ‘ಇದನ್ನು ನಾನು ನಮ್ಮೂರಲ್ಲಿ ಹಿಡಿದಿದ್ದರೆ ಪೇಪರಿನವರು ಮನೆಗೆ ಬರುತ್ತಿದ್ದರು’ ಎಂದರು. ‘ಇಲ್ಲಿ ಒಂದು ಫೋಟೊ ಹೊಡೆದು ನೀರಿಗೆ ಬಿಡ್ತಾರೆ, ಅಷ್ಟೇ’ ಎಂದ ನಮ್ಮ ಹುಡುಗ. ಇಬ್ಬರದ್ದೂ ನಿಜ. ನನ್ನ ತಲೆಗೆ ಹುಳ ಬಿಟ್ಟದ್ದೇ ಈ ಮಾತು. ಗಾಳ ಹಾಕುವವರು ‘ಟ್ರೋಫಿ’ ಎನ್ನುವ ಮೀನು ಎಷ್ಟು ದೊಡ್ಡದಿರಬೇಕು?

ಮಿನೆಸೋಟದಲ್ಲಿ ಲಾರ್ಜ್‌ಮೌತ್ ಬಾಸ್‌ನ ರಾಜ್ಯ ದಾಖಲೆ 8 ಪೌಂಡ್ 15 ಔನ್ಸ್, ನಮ್ಮ ಲೆಕ್ಕದಲ್ಲಿ 4 ಕೆ.ಜಿ. ಚಿಲ್ಲರೆ. 2005ರಲ್ಲಿ ಸಿಕ್ಕಿದ್ದು. ಫ್ಲೋರಿಡಾ 2012ರಲ್ಲಿ ಶುರುಮಾಡಿದ ‘ಟ್ರೋಫಿ ಕ್ಯಾಚ್’ ಯೋಜನೆಯಲ್ಲಿ 8 ಪೌಂಡ್ ಅಂದರೆ ಹೊಸಿಲು ದಾಟಿದಂತೆ, ಅಷ್ಟೇ. ಅದರ ಮೇಲೆ 10ರ ಮೆಟ್ಟಿಲು, ಆಮೇಲೆ 13ರ ಮೆಟ್ಟಿಲು. ಉತ್ತರದ ರಾಜ್ಯದ ಸಾರ್ವಕಾಲಿಕ ದಾಖಲೆ ದಕ್ಷಿಣದಲ್ಲಿ ಮೊದಲ ಮೆಟ್ಟಿಲ ಮೇಲೇ ನಿಂತುಬಿಡುತ್ತದೆ.

ಕಾರಣ ನೇರ. ನೀರು ತಣ್ಣಗಾದಷ್ಟೂ ಬಾಸ್ ತಿನ್ನುವುದು ಕಡಿಮೆ, ಬೆಳೆಯುವುದಂತೂ ನಿಂತೇಹೋಗುತ್ತದೆ. ಮಿನೆಸೋಟದ ಕೆರೆಗಳು ತಿಂಗಳುಗಟ್ಟಲೆ ಹಿಮಗಟ್ಟಿರುವಾಗ ಫ್ಲೋರಿಡಾದ ಮೀನು ತಿನ್ನುತ್ತಲೇ ಇರುತ್ತದೆ. ಜೊತೆಗೆ ಜಾತಿಯ ವ್ಯತ್ಯಾಸವೂ ಇದೆ. ಫ್ಲೋರಿಡಾ ಬಾಸ್ ಬೇರೆಯದೇ ಜಾತಿಯೆಂದು ವಿಜ್ಞಾನಿಗಳು ಈಚೆಗೆ ಒಪ್ಪಿದ್ದಾರೆ. ಅದು ಹುಟ್ಟಾ ದೊಡ್ಡ ಗಾತ್ರದ್ದು. ಇನ್ನೊಂದು ಮಾತು. ಟ್ರೋಫಿ ಗಾತ್ರಕ್ಕೆ ಬರುವುದು ಹೆಚ್ಚುಕಡಿಮೆ ಎಲ್ಲವೂ ಹೆಣ್ಣು. ಗಂಡು ಚಿಕ್ಕದರಲ್ಲೇ ನಿಂತುಬಿಡುತ್ತದೆ. ಮೊಟ್ಟೆ, ಮರಿ ಕಾಯುವ ಕೆಲಸ ಅದರದ್ದು.

ಟೆಕ್ಸಸ್‌ನವರು ಮಾಡಿದ್ದೇನೆಂದರೆ, 1970ರ ದಶಕದ ಆರಂಭದಲ್ಲಿ ಫ್ಲೋರಿಡಾದ ಬಾಸ್ ತಂದು ತಮ್ಮ ಅಣೆಕಟ್ಟುಗಳ ಹಿನ್ನೀರಿಗೆ ಬಿಟ್ಟರು. ಅದಕ್ಕೂ ಮುಂಚೆ ಅಲ್ಲಿನ ದಾಖಲೆ 1943ರ ಹದಿಮೂರೂವರೆ ಪೌಂಡಿನ ಮೀನು. 1980ರವರೆಗೆ ಅದನ್ನು ಅಲುಗಾಡಿಸಿದವರಿಲ್ಲ. ಇವತ್ತು ಅದೇ ರಾಜ್ಯದ ‘ಶೇರ್‌ಲಂಕರ್’ ಯೋಜನೆಯಲ್ಲಿ ಮೊಟ್ಟೆಗೆಂದು ಮೀನನ್ನು ಕೊಡಲು 13 ಪೌಂಡ್ ಕನಿಷ್ಠ ಅರ್ಹತೆ! ಅಷ್ಟು ತೂಗುವ ಮೀನನ್ನು ಜನವರಿಯಿಂದ ಮಾರ್ಚ್ ಒಳಗೆ ಹಿಡಿದವರು ಇಲಾಖೆಗೆ ಫೋನ್ ಮಾಡಿದರೆ ಸಿಬ್ಬಂದಿ ನೀರಿನ ಟ್ಯಾಂಕ್ ಕಟ್ಟಿಕೊಂಡು ಬರುತ್ತಾರೆ. ಮೀನು ಅಥೆನ್ಸ್‌ಗೆ ಬಂದು, ಮೊಟ್ಟೆಯಿಟ್ಟು, ಬಳಿಕ ತನ್ನ ಕೆರೆಗೆ ವಾಪಸ್. ಒಂಥರಾ ಸರ್ಕಾರಿ ಬಾಣಂತನ. ಹಿಡಿದವರಿಗೆ ಮೀನಿನ ಪಡಿಯಚ್ಚು ಪ್ರತಿಮೆ. 1986ರಲ್ಲಿ ಲೇಕ್ ಫೋರ್ಕ್‌ನಲ್ಲಿ ಸಿಕ್ಕ 17.67 ಪೌಂಡಿನ ‘ಎಥೆಲ್’ ಈ ಯೋಜನೆಯ ಮೊದಲ ಅತಿಥಿ. ಅದೇ ಕೆರೆಯಲ್ಲಿ 1992ರಲ್ಲಿ ಸಿಕ್ಕ 18.18 ಪೌಂಡಿನದು ಇಂದಿಗೂ ರಾಜ್ಯದ ದಾಖಲೆ. ದೊಡ್ಡ ತಾಯಿಯ ಮರಿಗಳೆಲ್ಲ ದೊಡ್ಡವಾಗುತ್ತವೆ ಎಂಬ ನಂಬಿಕೆ ಮೇಲೆ ಇಷ್ಟೆಲ್ಲ ಓಡಾಟ ನಡೆದಿದೆ. ಇದರಲ್ಲಿ ಅರ್ಧ ವಿಜ್ಞಾನ, ಅರ್ಧ ಪ್ರಚಾರ ಎಂದೇ ನನ್ನ ಲೆಕ್ಕ.

ಕ್ಯಾಲಿಫೋರ್ನಿಯಾದ ಕಥೆ ಇನ್ನೂ ವಿಚಿತ್ರ. 1959ರಲ್ಲಿ ಸ್ಯಾನ್ ಡಿಯಾಗೋದ ಕೆರೆಗಳಿಗೂ ಫ್ಲೋರಿಡಾ ಬಾಸ್ ಬಂತು. ಅದೇ ಕೆರೆಗಳಿಗೆ ಜನ ಹಿಡಿದು ತಿನ್ನಲೆಂದು ಟ್ರೌಟ್ ಮೀನನ್ನೂ ಬಿಡುತ್ತಾರೆ. ಆ ಟ್ರೌಟ್‌ಗಳನ್ನು ಬಾಸ್ ಸದ್ದಿಲ್ಲದೆ ಮುಗಿಸುತ್ತದೆ. ಡಿಕ್ಸನ್ ಲೇಕ್ ಎಂಬ ಪುಟ್ಟ ಕೆರೆಯಲ್ಲಿ 2006ರಲ್ಲಿ ಮ್ಯಾಕ್ ವೀಕ್ಲಿ ಎಂಬಾತ ಹಿಡಿದದ್ದು 25 ಪೌಂಡ್ ತೂಗಿತು. ಆದರೆ ಗಾಳ ಚುಚ್ಚಿದ್ದು ಬಾಯಿಗಲ್ಲ, ಮೈಗೆ. ದಾಖಲೆಗೆ ಅರ್ಜಿ ಹಾಕದೆ ಮೀನನ್ನು ಬಿಟ್ಟುಬಿಟ್ಟ. ಮಚ್ಚೆಯ ಗುರುತಿನಿಂದ ‘ಡಾಟಿ’ ಎನಿಸಿಕೊಂಡ ಅದು 2008ರಲ್ಲಿ ಸತ್ತು ತೇಲಿದಾಗ 19 ಪೌಂಡಿಗೆ ಇಳಿದಿತ್ತು. ಒಂದೇ ಮೀನಿಗೆ ಒಂದೊಂದು ಕಾಲಕ್ಕೆ ಒಂದೊಂದು ತೂಕ! ಈ ಆಟದ ಅಂಕಿಗಳನ್ನು ಎಷ್ಟು ನಂಬಬೇಕೆಂಬುದಕ್ಕೆ ಇದೇ ಸಾಕ್ಷಿ.

ಅಧಿಕೃತ ವಿಶ್ವದಾಖಲೆ 22 ಪೌಂಡ್ 4 ಔನ್ಸ್. ಜಾರ್ಜ್ ಪೆರ‍್ರಿ ಎಂಬ ಬಡ ರೈತ ಯುವಕ ಜಾರ್ಜಿಯಾ ರಾಜ್ಯದ ಮಾಂಟ್ಗೊಮರಿ ಲೇಕ್‌ನಲ್ಲಿ 1932ರ ಜೂನ್ 2ರಂದು ಹಿಡಿದದ್ದು. ಹೊಲ ಒದ್ದೆಯಾಗಿ ಕೆಲಸವಿಲ್ಲದ ದಿನ ಅದು ಎನ್ನುತ್ತಾರೆ. ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ ಮನೆಗೆ ಒಯ್ದ, ಮನೆಮಂದಿಯೆಲ್ಲ ತಿಂದರು. ಪತ್ರಿಕೆಯೊಂದರ ಸ್ಪರ್ಧೆಯಲ್ಲಿ 75 ಡಾಲರ್ ಬೆಲೆಯ ಸಾಮಾನು ಬಹುಮಾನವಾಗಿ ಬಂತು. ಆರ್ಥಿಕ ಮುಗ್ಗಟ್ಟಿನ ಆ ಕಾಲದಲ್ಲಿ ಮೀನನ್ನು ಗೋಡೆಗೆ ತೂಗುಹಾಕುವ ಯೋಚನೆ ಯಾರಿಗೆ ಬಂದೀತು?

ಆ ದಾಖಲೆಯನ್ನು ಮುಟ್ಟಿದ್ದು ಅಮೆರಿಕನ್ನರಲ್ಲ, ಜಪಾನಿನ ಮನಾಬು ಕುರಿಟಾ. 2009ರ ಜುಲೈ 2ರಂದು, ಬಿವಾ ಸರೋವರದಲ್ಲಿ. ನನಗೆ ಎಲ್ಲಕ್ಕಿಂತ ಇಷ್ಟವಾದ ಕಥೆ ಇದೇ, ಸ್ವಲ್ಪ ಉದ್ದವಾದರೆ ಓದುಗರು ಸಹಿಸಿಕೊಳ್ಳಬೇಕು. ಬಾಸ್ ಜಪಾನಿನದೇ ಅಲ್ಲ. 1925ರಲ್ಲಿ ಉದ್ಯಮಿಯೊಬ್ಬ ಅದನ್ನು ಅಮೆರಿಕದಿಂದ ತಂದು ಆಶಿ ಸರೋವರಕ್ಕೆ ಬಿಟ್ಟ. ಬಿವಾದಲ್ಲಿ ಅದು ಕಾಣಿಸಿಕೊಂಡದ್ದು 1974ರಲ್ಲಿ. ಕುರಿಟಾ ಗಾಳಕ್ಕೆ ಕಟ್ಟಿದ್ದು ಜೀವಂತ ಬ್ಲೂಗಿಲ್ ಎಂಬ ಚಿಕ್ಕ ಮೀನು. ಅದೂ ಅಮೆರಿಕದ್ದೇ! 1960ರಲ್ಲಿ ಅಮೆರಿಕಕ್ಕೆ ಹೋಗಿದ್ದ ಯುವರಾಜ ಅಕಿಹಿಟೊಗೆ ಶಿಕಾಗೋದ ಮೇಯರ್ ಉಡುಗೊರೆಯಾಗಿ ಕೊಟ್ಟದ್ದು ಅದನ್ನು. ಅಕಿಹಿಟೊ ಸ್ವತಃ ಮೀನು ವಿಜ್ಞಾನಿ. ಜನರ ಊಟಕ್ಕಾದೀತೆಂದು ಸಂಶೋಧನಾ ಸಂಸ್ಥೆಗೆ ಕೊಟ್ಟರು. ಅಲ್ಲಿಂದ ಹೊರಬಿದ್ದ ಬ್ಲೂಗಿಲ್ ಬಿವಾ ತುಂಬಾ ಹಬ್ಬಿತು. ಬಾಸ್, ಬ್ಲೂಗಿಲ್ ಎರಡೂ ಸೇರಿ, ಅಕ್ಕಿಯಲ್ಲಿ ಹುದುಗಿಸಿ ‘ಫುನಾಜುಶಿ’ ಮಾಡುವ ಅಲ್ಲಿನ ಸ್ವಂತ ಮೀನಿನ ಸಂತತಿಗೇ ಕುತ್ತು ತಂದವು. 2007ರಲ್ಲಿ, ಆಗ ಚಕ್ರವರ್ತಿಯಾಗಿದ್ದ ಅಕಿಹಿಟೊ ಅದೇ ಬಿವಾ ದಂಡೆಯ ಓಟ್ಸು ನಗರದ ಸಭೆಯಲ್ಲಿ ಎದ್ದುನಿಂತು, ಇದು ತಾನು ತಂದದ್ದು, ಮನಸ್ಸಿಗೆ ನೋವಾಗಿದೆ ಎಂದು ಹೇಳಿಕೊಂಡರು. ಎರಡು ವರ್ಷಕ್ಕೆ ಆ ಮೀನನ್ನೇ ಎರೆಯಾಗಿ ಕಟ್ಟಿ ಕುರಿಟಾ ವಿಶ್ವದಾಖಲೆ ಮುಟ್ಟಿದ.

ಬಿವಾ ಇರುವ ಶಿಗಾ ಪ್ರಾಂತ್ಯದಲ್ಲಿ ಹಿಡಿದ ಬಾಸ್ ಅನ್ನು ನೀರಿಗೆ ವಾಪಸ್ ಬಿಡುವಂತಿಲ್ಲ, 2003ರಿಂದ ಅದು ಕಾನೂನು. ಟೆಕ್ಸಸ್‌ನಲ್ಲಿ ಬಾಣಂತನ ಮಾಡಿಸಿಕೊಳ್ಳುವ ಮೀನು ಇಲ್ಲಿ ಕಳೆ. ಅಲ್ಲಿ ಟ್ರೋಫಿ, ಇಲ್ಲಿ ಪೀಡೆ. ನನಗೆ ಕೇಳಿದರೆ ನ್ಯಾಯ ಶಿಗಾದವರ ಕಡೆಗಿದೆ. ಹಾಗಂತ ಅಥೆನ್ಸ್‌ನ ತೊಟ್ಟಿಯ ಮುಂದೆ ನಿಂತಾಗ ಆ ನ್ಯಾಯವೆಲ್ಲ ಮರೆತುಹೋಗಿದ್ದೂ ನಿಜ.

ಕುರಿಟಾನ ಮೀನು ಪೆರ‍್ರಿಯದಕ್ಕಿಂತ ಸುಮಾರು ಒಂದು ಔನ್ಸ್ ಹೆಚ್ಚೇ ತೂಗಿತ್ತು. ಸುಳ್ಳು ಪತ್ತೆ ಪರೀಕ್ಷೆಯಲ್ಲೂ ಆತ ಪಾಸಾದ. ಆದರೆ ಹಳೆಯ ದಾಖಲೆ ಮುರಿಯಲು ಕನಿಷ್ಠ ಎರಡು ಔನ್ಸ್ ಹೆಚ್ಚಿರಬೇಕು ಎಂಬುದು ದಾಖಲೆ ಕಾಯುವ ಅಂತರರಾಷ್ಟ್ರೀಯ ಸಂಸ್ಥೆ ಐಜಿಎಫ್ಎಯ ನಿಯಮ. ಹಾಗಾಗಿ 2010ರಲ್ಲಿ ಸಂಸ್ಥೆ ಇಬ್ಬರದ್ದೂ ಸಮ ಎಂದು ತೀರ್ಪು ಕೊಟ್ಟಿತು.

ಮಕ್ಕಳ ಮನೆಗೆಂದು ಡಲ್ಲಾಸ್‌ಗೆ ಹೋಗುವವರು ಒಂದು ದಿನವನ್ನು ಅಥೆನ್ಸ್‌ಗೆ ಎತ್ತಿಡಿ. ದೊಡ್ಡ ಹೆಣ್ಣು ಮೀನುಗಳು ಬರುವ ಕಾಲ ಜನವರಿಯಿಂದ ಮಾರ್ಚ್. ಅಲ್ಲಿನ ಕೆರೆಗಳಲ್ಲಿ ಗಾಳ ಹಾಕುವ ಆಸೆಯಿದ್ದರೆ ಮೊದಲು ರಾಜ್ಯದ ಪರವಾನಗಿ ಮಾಡಿಸಿಕೊಳ್ಳಿ.