ತಂತಿ ಕತ್ತರಿಸಿದರೂ ಕೂಗಬೇಕು

2024ರ ಅಕ್ಟೋಬರ್ 28, ಸೋಮವಾರ. ನಾಲ್ಕನೇ ಶನಿವಾರ, ಭಾನುವಾರದ ರಜೆ ಮುಗಿದು ನ್ಯಾಮತಿಯ ಎಸ್‌ಬಿಐ ಶಾಖೆಯ ಬಾಗಿಲು ತೆಗೆದಾಗ 17 ಕಿಲೋಗೂ ಹೆಚ್ಚು ಅಡವಿನ ಚಿನ್ನ ಮಾಯವಾಗಿತ್ತು. ಕಿಟಕಿಯ ಸರಳು ಕಿತ್ತು ಒಳಗಿಳಿದವರು ಗ್ಯಾಸ್ ಕಟರ್‌ನಿಂದ ಲಾಕರ್ ಕೊರೆದಿದ್ದರು, ಸಿಸಿಟಿವಿಯ ಡಿವಿಆರ್ ಹೊತ್ತೊಯ್ದಿದ್ದರು, ಪೊಲೀಸ್ ನಾಯಿಗೆ ವಾಸನೆ ಸಿಗದಿರಲೆಂದು ಖಾರದ ಪುಡಿ ಎರಚಿದ್ದರು. ಮರುವರ್ಷದ ಮಾರ್ಚ್ ಹೊತ್ತಿಗೆ ಚಿನ್ನದ ಬಹುಪಾಲು ತಮಿಳುನಾಡಿನ ಉಸಿಲಂಪಟ್ಟಿ ಕಡೆಯ ಬಾವಿಯೊಂದರಿಂದ ಮೇಲೆ ಬಂತು. ಸುದ್ದಿಯಲ್ಲಿ ಓಡಿದ್ದು ಬಾವಿಯ ಕಥೆಯೇ. ಬ್ಯಾಂಕಿನಲ್ಲಿ ಅಲಾರಂ ಇತ್ತು, ಕಳ್ಳರು ಅದರ ಸಂಪರ್ಕ ಕತ್ತರಿಸಿದ್ದರು ಎಂಬುದು ಮಾತ್ರ ಒಂದು ಸಾಲಿನಲ್ಲಿ ಮುಗಿದುಹೋಯಿತು.

ಅಡಿಕೆ ಒಣಗಿಸಿ ಚೀಲ ಕಟ್ಟಿ ಮನೆಯಲ್ಲೇ ಇಟ್ಟುಕೊಳ್ಳುವ, ನ್ಯಾಮತಿಯ ನೆರೆಯ ಹೊನ್ನಾಳಿ, ಚನ್ನಗಿರಿ ಸೀಮೆಯವರು ಈ ಒಂದು ಸಾಲನ್ನು ಬಿಡಿಸಿ ನೋಡಬೇಕು. ಈಗ ಅಲಾರಂ ಕಿಟ್ ತರಿಸಿ ಸ್ಕ್ರೂಡ್ರೈವರ್ ಹಿಡಿದು ತಾವೇ ಕೂರಿಸುವವರು ಬಹಳ. ಕೂರಿಸುವುದು ಕಷ್ಟದ ಕೆಲಸವೂ ಅಲ್ಲ. ಆದರೆ ಯಾವ ಅಲಾರಮ್ಮಿಗಾದರೂ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ನಿನ್ನ ಬಾಯಿ ಮುಚ್ಚಿಸಲು ಬಂದರೆ ಏನು ಮಾಡುತ್ತೀ?

ಅಮೆರಿಕದ ಆಗಸ್ಟಸ್ ಪೋಪ್ 1853ರಲ್ಲಿ ಪೇಟೆಂಟ್ ಪಡೆದ ವಿದ್ಯುತ್ ಅಲಾರಮ್ಮಿನಲ್ಲಿ ಬಾಗಿಲು ತೆರೆದರೆ ಸರ್ಕ್ಯೂಟ್ ಕೂಡಿಕೊಂಡು ಗಂಟೆ ಹೊಡೆಯುತ್ತಿತ್ತು. ಮೊದಲೇ ತಂತಿ ಕತ್ತರಿಸಿದವನಿಗೆ ಸರ್ಕ್ಯೂಟ್ ಕೂಡುವ ಭಯವೇ ಇಲ್ಲ. ಮುಂದೆ ಬಂದವರು ಇದನ್ನು ತಿರುಗಿಸಿದರು. ಕರೆಂಟು ಸದಾ ಹರಿಯುತ್ತಿರಲಿ, ಅದು ನಿಂತ ಕ್ಷಣ ಗಂಟೆ ಹೊಡೆಯಲಿ. ಆಗ ಬಾಗಿಲು ತೆರೆಯುವುದೂ ತಂತಿ ಕತ್ತರಿಸುವುದೂ ಅಲಾರಮ್ಮಿಗೆ ಒಂದೇ.

ಬಾಗಿಲಿಗೆ ಹಾಕುವ ಮ್ಯಾಗ್ನೆಟ್ ಸೆನ್ಸರ್ ಕೆಲಸ ಮಾಡುವುದು ಹೀಗೆಯೇ. 1936ರಲ್ಲಿ ಬೆಲ್ ಪ್ರಯೋಗಾಲಯದ ವಾಲ್ಟರ್ ಎಲ್ವುಡ್ ರೂಪಿಸಿದ ರೀಡ್ ಸ್ವಿಚ್ ಅದರೊಳಗಿದೆ: ಪುಟ್ಟ ಗಾಜಿನ ಕೊಳವೆ, ಅದರಲ್ಲಿ ತುದಿಗೆ ತುದಿ ಹತ್ತಿರವಿರುವ ಎರಡು ಲೋಹದ ಎಲೆಗಳು. ಆಯಸ್ಕಾಂತ ಪಕ್ಕದಲ್ಲಿದ್ದರೆ ಎಲೆಗಳು ಅಂಟಿಕೊಳ್ಳುತ್ತವೆ, ದೂರ ಸರಿದರೆ ಬಿಟ್ಟುಕೊಳ್ಳುತ್ತವೆ. ತಂತಿ ಇರುವ ಭಾಗ ಚೌಕಟ್ಟಿಗೆ, ಆಯಸ್ಕಾಂತ ಬಾಗಿಲಿಗೆ. ಅದೂ ಕೀಲಿನಿಂದ ದೂರದ ಅಂಚಿನಲ್ಲಿ, ಬಾಗಿಲು ತುಸು ಸರಿದರೂ ಗೊತ್ತಾಗುವಂತೆ. ನಡುವಿನ ಸಂದು ಒಂದು ಸೆಂಟಿಮೀಟರ್ ಆಸುಪಾಸಿನಲ್ಲಿರಲಿ. ಮಳೆಗಾಲದಲ್ಲಿ ಮರದ ಬಾಗಿಲು ಉಬ್ಬಿ ಈ ಸಂದು ಬದಲಾಗುತ್ತದೆ, ಆಗೊಮ್ಮೆ ನೋಡಿಕೊಳ್ಳಬೇಕು. ಕಬ್ಬಿಣದ ಬಾಗಿಲಾದರೆ ಕಬ್ಬಿಣವೇ ಕಾಂತಬಲವನ್ನು ಎಳೆದುಕೊಂಡು ಸೆನ್ಸರ್ ದಾರಿ ತಪ್ಪುತ್ತದೆ. ಕೆಳಗೆ ಮರದ ಪಟ್ಟಿಯೊಂದನ್ನು ಕೊಟ್ಟು ಕೂರಿಸಿ.

ಜಾಣ ಕಳ್ಳ ತಂತಿ ಕತ್ತರಿಸುವ ಬದಲು ಅದರ ಎರಡು ಎಳೆಗಳನ್ನೂ ಕೂಡಿಸಿ ಗಂಟು ಹಾಕಿದರೆ? ಕರೆಂಟು ಹರಿಯುತ್ತಲೇ ಇರುತ್ತದೆ, ಬಾಗಿಲು ತೆರೆದರೂ ಸದ್ದಿಲ್ಲ. ಅದಕ್ಕೆ ತಂತಿಯ ಕೊನೆಯಲ್ಲಿ, ಸೆನ್ಸರ್ ಪಕ್ಕದಲ್ಲಿ, ಒಂದೆರಡು ರೂಪಾಯಿಯ ರೆಸಿಸ್ಟರ್ ಹಾಕುತ್ತಾರೆ. ಸೆನ್ಸರುಗಳ ತಂತಿಗಳೆಲ್ಲ ಬಂದು ಸೇರುವ ಪ್ಯಾನೆಲ್ಲು ಆ ರೆಸಿಸ್ಟರಿನ ರೋಧವನ್ನೇ ಅಳೆಯುತ್ತಿರುತ್ತದೆ, ಅದು ಹೆಚ್ಚಾದರೂ ಕಡಿಮೆಯಾದರೂ ಕೂಗುತ್ತದೆ. ಕೂರಿಸುವವರು ಅನೇಕರು ಈ ರೆಸಿಸ್ಟರನ್ನು ಸುಲಭವೆಂದು ಪ್ಯಾನೆಲ್ ಪೆಟ್ಟಿಗೆಯೊಳಗೇ ಸಿಕ್ಕಿಸಿಬಿಡುತ್ತಾರೆ. ಅಲ್ಲಿ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಇನ್ನು ನ್ಯಾಮತಿಯಲ್ಲಾದಂತೆ ಕಿಟಕಿಯ ಸರಳೇ ಕಿತ್ತರೆ ಬಾಗಿಲ ಸೆನ್ಸರಿಗೆ ಏನೂ ತಿಳಿಯದು. ಒಳಗೆ ಬಂದವನನ್ನು ಹಿಡಿಯಲು ಪಿಐಆರ್ ಎಂಬ, ಮೈಶಾಖದಿಂದ ಓಡಾಟ ಗುರುತಿಸುವ ಸೆನ್ಸರ್ ಬೇಕು. ನಮ್ಮ ಮೈ ಸದಾ ಅವಕೆಂಪು ಕಿರಣ ಹೊರಸೂಸುತ್ತದೆ, ಹೆಚ್ಚಿನದು 9-10 ಮೈಕ್ರಾನ್ ತರಂಗಾಂತರದ ಸುತ್ತ. ಪಿಐಆರ್‌ನ ಬಿಳಿ ಪ್ಲಾಸ್ಟಿಕ್ ಮಸೂರ ಕೋಣೆಯನ್ನು ಬೀಸಣಿಗೆಯ ಎಸಳುಗಳಂತೆ ಪಟ್ಟಿಪಟ್ಟಿಯಾಗಿ ನೋಡುತ್ತದೆ. ಒಳಗಿನ ಎರಡು ಹರಳುಗಳಲ್ಲಿ ಒಂದಕ್ಕೆ ಮೊದಲು, ಇನ್ನೊಂದಕ್ಕೆ ಆಮೇಲೆ ಶಾಖ ತಾಗಿದರೆ ಯಾರೋ ನಡೆದರೆಂದು ಲೆಕ್ಕ. ಹಾಗಾಗಿ ಎದುರಿಗೆ ನೇರ ಬರುವವನಿಗಿಂತ ಅಡ್ಡ ಹಾಯುವವನು ಬೇಗ ಸಿಕ್ಕಿಬೀಳುತ್ತಾನೆ. ಮೂಲೆಯಲ್ಲಿ, ಏಳಡಿ ಎತ್ತರದಲ್ಲಿ, ಬಿಸಿಲು ಬೀಳುವ ಕಿಟಕಿಗೆ ಮುಖ ಮಾಡದಂತೆ ಕೂರಿಸಿ. ಕಿಟಕಿಯ ಗಾಜು ಈ ಕಿರಣಗಳನ್ನು ತಡೆಯುತ್ತದೆ, ಆದ್ದರಿಂದ ಒಳಗಿನಿಂದ ಅಂಗಳ ಕಾಯಿಸುವ ಆಸೆ ಬೇಡ.

ನಮ್ಮ ಬೇಸಿಗೆ ಇದಕ್ಕೊಂದು ಪರೀಕ್ಷೆ. ಪಿಐಆರ್ ಹಿಡಿಯುವುದು ಮೈಗೂ ಹಿಂದಿನ ಗೋಡೆಗೂ ಇರುವ ಶಾಖದ ವ್ಯತ್ಯಾಸವನ್ನು. ಚರ್ಮದ ಶಾಖ 33 ಡಿಗ್ರಿ ಆಸುಪಾಸು. ಏಪ್ರಿಲ್ ತಿಂಗಳಲ್ಲಿ ತಗಡಿನ ಶೀಟಿನ ಕೆಳಗಿನ ಗೋಡೆಯೂ ಅಷ್ಟೇ ಕಾದಿದ್ದರೆ ಆಳು ಗೋಡೆಯಲ್ಲಿ ಕರಗಿದಂತೆಯೇ. ಅಡಿಕೆ ಇಟ್ಟ ಶೆಡ್ಡಿಗೆ ಪಿಐಆರ್ ಒಂದನ್ನೇ ನೆಚ್ಚಿಕೊಳ್ಳುವುದು ನನಗೆ ಸರಿ ಕಾಣದು. ಬಾಗಿಲಿಗೆ ಮ್ಯಾಗ್ನೆಟ್ ಸೆನ್ಸರೂ ಇರಲಿ. ಹಲ್ಲಿ, ಜೇಡಗಳದು ಬೇರೆಯೇ ಕಾಟ. ಮಸೂರದ ಮೇಲೇ ಹರಿದಾಡಿದರೆ ಸಣ್ಣ ಹುಳವೂ ದೊಡ್ಡ ಆಳಾಗಿ ಕಾಣುತ್ತದೆ. ಹೀಗೆ ನಡುರಾತ್ರಿ ಎರಡು ಸಲ ಸುಳ್ಳೇ ಕೂಗಿದರೆ ಮೂರನೆಯ ಸಲ ನೆರೆಮನೆಯವರು ಮಗ್ಗುಲು ಬದಲಿಸಿ ಮಲಗುತ್ತಾರೆ.

ಕರೆಂಟು ಹೋಗುವುದಂತೂ ಗೊತ್ತೇ ಇದೆ. ಆಗ ಅಲಾರಂ ನಡೆಸಲು 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿ ಸಾಮಾನ್ಯ. ಪ್ಯಾನೆಲ್ಲು 100 ಮಿಲಿಆಂಪಿಯರ್ ಎಳೆದರೆ ಲೆಕ್ಕಕ್ಕೆ 70 ಗಂಟೆ, ಹಳತಾದ ಬ್ಯಾಟರಿಯಲ್ಲಿ ಅದರ ಅರ್ಧವೂ ಬಾರದಿರಬಹುದು. ಅಲಾರಂ ಕೂಗಿದಾಗ ಫೋನ್ ಮಾಡುವ ಜಿಎಸ್‌ಎಂ ಡಯಲರ್ ಅಗ್ಗದ್ದಾದರೆ ಬಹುತೇಕ 2ಜಿಯದು. ಜಿಯೋಗೆ 2ಜಿ ಜಾಲವೇ ಇಲ್ಲದ್ದರಿಂದ ಅದರ ಸಿಮ್ ಇಲ್ಲಿ ನಡೆಯದು. ಯಾವ ಸಿಮ್ ಹಾಕಿದರೂ ರೀಚಾರ್ಜ್ ತಪ್ಪಿದರೆ ಕರೆ ಹೋಗುವುದಿಲ್ಲ. ಡಯಲರ್ ಕರೆಯುವ ಮೊದಲ ನಂಬರು ಬೆಂಗಳೂರಿನ ಮಗನದ್ದಾಗುವ ಬದಲು ಎರಡು ನಿಮಿಷದಲ್ಲಿ ಟಾರ್ಚು ಹಿಡಿದು ಬರಬಲ್ಲ ಪಕ್ಕದ ಮನೆಯವರದ್ದಾಗಲಿ.

ಎಲ್ಲ ಕೂರಿಸಿದ ಮೇಲೆ ಅಲಾರಂ ಆನ್ ಮಾಡಿ, ಪಕ್ಕದ ಮನೆಗೆ ಹೇಳಿ, ಪ್ಯಾನೆಲ್ಲಿನಿಂದ ಒಂದೊಂದೇ ಸೆನ್ಸರಿನ ತಂತಿ ಎಳೆದು ನೋಡಿ. ಆಮೇಲೆ ಮೇನ್ ಸ್ವಿಚ್ ಆರಿಸಿ ಇನ್ನೊಮ್ಮೆ. ಯಾವುದಕ್ಕೆ ಸೈರನ್ ಸುಮ್ಮನಿತ್ತೋ ಆ ಸೆನ್ಸರನ್ನು ಬಿಚ್ಚಿ ಮತ್ತೆ ಜೋಡಿಸಬೇಕು.